ಮೇಡಂಗೆ ಹೆದರಿ ಬಿಪಿ ಸುಳ್ಳು ಬರೆದೆ. ಸೋಮವಾರ ಮತ್ತೆ ಅದೇ ವಾರ್ಡ್

ಹಿನ್ನೀರಿನ ಹುಡುಗಿ · ಶನಿವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದ್ತಾ ಇರ್ತೀನಿ, ಬರೀತಿರೋದು ಮೊದಲ ಸಲ. ಬಿಎಸ್ಸಿ ನರ್ಸಿಂಗ್ ಆರನೇ ಸೆಮ್, ಶಿವಮೊಗ್ಗದಲ್ಲಿ ಹಾಸ್ಟೆಲ್. ಊರು ಶರಾವತಿ ಹಿನ್ನೀರಿನ ಆಚೆ ಕಡೆ. ಕಾಲೇಜು ಯಾವುದು, ಆಸ್ಪತ್ರೆ ಯಾವುದು ಅಂತ ಕೇಳಬೇಡಿ ಪ್ಲೀಸ್.

ಈಗ ಬಾಣಂತಿಯರ ವಾರ್ಡಲ್ಲಿ ಪೋಸ್ಟಿಂಗ್. ಗುರುವಾರ ಬೆಳಿಗ್ಗೆ ನನಗೆ ಮೂರು ಬೆಡ್ ಕೊಟ್ಟಿದ್ರು. ರೌಂಡ್ಸ್ ಒಳಗೆ ವೈಟಲ್ಸ್ (ಬಿಪಿ, ನಾಡಿ, ಉಸಿರಾಟ, ಜ್ವರ) ಬರೆದು ಮುಗಿಸ್ಬೇಕು. ವಾರ್ಡಿನ ಡಿಜಿಟಲ್ ಮಿಷನ್ ಸೆಲ್ ಮುಗಿದು ಮಲಗಿತ್ತು, ಹಾಗಾಗಿ ಕೈಲಿ ಗಾಳಿ ತುಂಬೋ ಬಿಪಿ ಮಿಷನ್ ತಗೊಂಡು ಹೋದೆ. ಮೊದಲ ಇಬ್ಬರದ್ದು ಹೇಗೋ ಅಂದಾಜಲ್ಲಿ ಕೇಳಿಸ್ತು. ಮೂರನೆಯವರಿಗೆ ಹೆರಿಗೆಯಾಗಿ ನಾಲ್ಕು ದಿನ. ತೋಳು ಸ್ವಲ್ಪ ದಪ್ಪ, ಪಕ್ಕದ ಬೆಡ್ಡಲ್ಲಿ ಮಗು ಒಂದೇ ಸಮ ಅಳ್ತಿದೆ, ಕಿಟಕಿ ಹೊರಗೆ ಜೋರು ಮಳೆ. ಎರಡು ಸಲ ತುಂಬಿ ಬಿಟ್ಟೆ. ಏನೂ ಕೇಳಿಸ್ಲಿಲ್ಲ. ಮೂರನೇ ಸಲ ತುಂಬೋಕೆ ಹೋದಾಗ ಆ ಅಕ್ಕ "ಕೈ ಸಿಡೀತದೆ ತಂಗಿ, ಸಾಕು ಬಿಡು" ಅಂದ್ರು. ಚಾರ್ಟಲ್ಲಿ ಹಿಂದಿನ ದಿನದ್ದು 124/80 ಇತ್ತು. ನಾನು 120/80 ಅಂತ ಬರೆದೆ.

ಕಾಲು ಗಂಟೆ ಕಳೆದು ನಮ್ಮ ಸಿಐ ಮೇಡಂ (ಕ್ಲಿನಿಕಲ್ ಇನ್‌ಸ್ಟ್ರಕ್ಟರ್, ವಾರ್ಡಲ್ಲಿ ನಮಗೆ ಕಲಿಸೋ ಟೀಚರ್) ಬಂದ್ರು. ಚಾರ್ಟ್ ನೋಡಿದ್ರು, ಆ ಅಕ್ಕನ ಮುಖ ನೋಡಿದ್ರು. "ತಲೆನೋವಿದೆಯಾ?" ಅಂತ ಕೇಳಿದ್ರು. "ನಿನ್ನೆ ರಾತ್ರಿಯಿಂದ ಇದೆ, ಕಣ್ಣೂ ಸ್ವಲ್ಪ ಮಂಜು" ಅಂದ್ರು ಅವರು. ನನ್ನ ಹತ್ರ ಇದನ್ನ ಹೇಳಿರಲಿಲ್ಲ. ಹೇಳಿರಲಿಲ್ಲ ಅನ್ನೋದಕ್ಕಿಂತ ನಾನು ಕೇಳಿರಲಿಲ್ಲ. ಮೇಡಂ ತಾವೇ ತೋಳಿಗೆ ಕಫ್ (ಬಿಪಿ ಮಿಷನ್ನಿನ ಪಟ್ಟಿ) ಕಟ್ಟಿ ನೋಡಿದ್ರು. 162/110.

ಡಾಕ್ಟರಿಗೆ ಫೋನ್, ಇಂಜೆಕ್ಷನ್ನು, ಕ್ಯಾತಿಟರ್ರು, ಎಲ್ಲ ಓಡಾಟ ಮುಗಿದ ಮೇಲೆ ವಾರ್ಡ್ ನಡುವಲ್ಲೇ ನಿಲ್ಲಿಸಿ ಬೈದ್ರು. ರೋಗಿಗಳು, ಅವರ ಅಮ್ಮಂದಿರು, ಆಯಾ, ನನ್ನ ಬ್ಯಾಚಿನ ಹುಡುಗರು ಎಲ್ಲರೂ ಇದ್ರು. ಬೈದದ್ದೆಲ್ಲ ನೆನಪಿಲ್ಲ. ಒಂದು ನೆನಪಿದೆ. "ನಿನಗೆ ಯೂನಿಫಾರ್ಮ್ ಯಾಕೆ? ಅಡಿಕೆ ಸುಲಿಯೋಕೆ ಹೋಗು."

ನಮ್ಮಮ್ಮ ಅಡಿಕೆ ಸುಲಿಯೋಕೇ ಹೋಗೋದು. ಅದು ಮೇಡಂಗೂ ಗೊತ್ತು, ಮೊದಲ ದಿನ ಪರಿಚಯದಲ್ಲಿ ನಾನೇ ಹೇಳಿದ್ದೆ.

ಲಾಗ್ ಬುಕ್ಕಿನ (ನಾವು ವಾರ್ಡಲ್ಲಿ ಮಾಡಿದ ಕೆಲಸ ಬರೆಯೋ ಪುಸ್ತಕ) ಆ ಪುಟಕ್ಕೆ ಸೈನ್ ಹಾಕಲ್ಲ ಅಂದಿದ್ದಾರೆ. ಸುಳ್ಳು ಬರೆದದ್ದು ತಪ್ಪು ಅಂತ ನನಗೆ ಗೊತ್ತು, ಅದನ್ನ ಇಲ್ಲಿ ಯಾರೂ ಹೇಳಬೇಕಾಗಿಲ್ಲ. ಮೂರನೇ ವರ್ಷಕ್ಕೆ ಬಂದೂ "ಕೇಳಿಸ್ಲಿಲ್ಲ" ಅನ್ನೋಕೆ ಬಾಯಿ ಬರಲಿಲ್ಲ, ಅಷ್ಟೇ. ಸೋಮವಾರ ಮುಖ ಹೇಗೆ ತೋರಿಸ್ಲಿ?

ಮಿಡಿ ಉಪ್ಪಿನಕಾಯಿ · ಶನಿವಾರ ರಾತ್ರಿ 10:05

120/80, ನಾಡಿ 72, ಉಸಿರಾಟ 20, ಜ್ವರ 98.6. ಇಡೀ ಜಿಲ್ಲೆಯ ಆರೋಗ್ಯ ಕಲ್ಲುಗುಂಡಿನ ಹಾಗಿದೆ ಮಾರಾಯ್ತಿ, ನಮ್ಮ ಚಾರ್ಟ್ ನೋಡಿದ್ರೆ.

ನಗಬೇಡ, ನಾನೂ ಬರೆದಿದ್ದೀನಿ. ಸ್ಟಾಫ್ ನರ್ಸಾಗಿ ಒಂಬತ್ತು ವರ್ಷ ಆಯ್ತು ಈಗ. ಉಸಿರಾಟ ಒಂದು ನಿಮಿಷ ಪೂರ್ತಿ ಎಣಿಸಿದ ಸ್ಟೂಡೆಂಟನ್ನ ನಾನಿನ್ನೂ ಕಾಣಬೇಕಷ್ಟೇ.

ಹಳೇ ವಾರ್ಡ್ ಸಿಸ್ಟರ್ · ಶನಿವಾರ ರಾತ್ರಿ 10:40

ಮೊದಲು ಹೇಳು, ಆ ಬಾಣಂತಿ ಹೇಗಿದ್ದಾಳೆ? ಅಷ್ಟುದ್ದ ಬರೆದಿದ್ದೀಯ, ಅದೊಂದು ಬರೆದಿಲ್ಲ.

ಹೆರಿಗೆ ಆದರೆ ಬಿಪಿ ತಾನಾಗಿ ಇಳೀತದೆ ಅಂತ ಹುಡುಗಿಯರು ಅಂದುಕೊಂಡಿರ್ತೀರಿ. ಮೂರರಿಂದ ಆರನೇ ದಿನದೊಳಗೆ ಅದು ಏರೋ ಹೊತ್ತು. ಬಸುರಲ್ಲಿ ಸರಿ ಇದ್ದವಳಿಗೂ ಬಾಣಂತನದಲ್ಲಿ ಏರಬಹುದು, ಆರು ವಾರದ ತನಕ ಕಣ್ಣಿಟ್ಟಿರಬೇಕು. 140/90 ಕಂಡರೆ ಎಚ್ಚರ. 160/110 ಅಂದರೆ ಕೂತು ಮಾತಾಡೋ ಹೊತ್ತಲ್ಲ, ಫಿಟ್ಸ್ ಬರಬಹುದು, ಮಿದುಳಲ್ಲಿ ರಕ್ತಸ್ರಾವ ಆಗಬಹುದು. ತಲೆನೋವು, ಕಣ್ಣು ಮಂಜು, ಎದೆಗುಳಿಯಲ್ಲಿ ನೋವು, ಈ ಮೂರನ್ನ ಬಾಣಂತಿ ಹತ್ತಿರ ದಿನಾ ಕೇಳಬೇಕು. ನಮ್ಮ ಕಡೆ ಹೆಂಗಸರು ತಾವಾಗಿ ಹೇಳೋದಿಲ್ಲ. ನಿದ್ದೆ ಇಲ್ಲ, ಅದಕ್ಕೇ ತಲೆನೋವು ಅಂದುಕೊಂಡು ಸುಮ್ಮನಿರ್ತಾರೆ.

ನಿಮ್ಮ ಮೇಡಂ ಮುಖ ನೋಡಿ ಹಿಡಿದ್ರಲ್ಲ, ಅದು ಕೆಲಸ ಗೊತ್ತಿದ್ದವರ ಕಣ್ಣು.

ಈಗ ಬೈಗುಳದ ವಿಚಾರ. ನಾನು ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾಗೆ ಸೇರಿದ್ದು 1983ರಲ್ಲಿ. ಸಿಸ್ಟರ್ ಟ್ಯೂಟರ್ ಕಾರಿಡಾರಲ್ಲಿ ಬಂದರೆ ನಾವು ಗೋಡೆಗೆ ಅಂಟಿ ನಿಲ್ಲೋರು. ಹಾಸಿಗೆ ಮೂಲೆಯ ಮಡಿಕೆ ಸರಿಯಾಗಿಲ್ಲ ಅಂತ ಇಡೀ ಸಾಲಿನ ಚಾದರ ಎಳೆದು ನೆಲಕ್ಕೆ ಹಾಕ್ತಿದ್ರು. ಗಾಜಿನ ಸಿರಿಂಜು, ಕುದಿಸಿ ಬಳಸೋದು. ಥರ್ಮಾಮೀಟರ್ ಒಡೆದರೆ ನಮ್ಮ ಸ್ಟೈಪೆಂಡಲ್ಲಿ ಹಿಡಿಯೋರು, ಮೇಲಿಂದ ಎಲ್ಲರೆದುರು ಬೈಗುಳ. ನಾನು ಒಂದು ಸಲ ಒಡೆದು, ಸಂಜೆ ಗಾಂಧಿ ಬಜಾರಿಗೆ ಓಡಿ ಹೊಸದು ತಂದು ಇಟ್ಟುಬಿಟ್ಟೆ. ಒಡೆದದ್ದರ ಪಾದರಸ ಎಲ್ಲಿ ಹೋಯ್ತು ಅಂತ ನನ್ನ ಕೇಳಿದ್ರೆ ಈಗಲೂ ಉತ್ತರ ಇಲ್ಲ. ಮಕ್ಕಳ ವಾರ್ಡಿನ ನೆಲ ಅದು. ಗುಡಿಸಿ ಮಂಚದಡಿಗೆ ತಳ್ಳಿದ್ದೆ.

ನಲವತ್ತು ವರ್ಷ ಆಯ್ತು. ಆ ಟ್ಯೂಟರ್ ಕಲಿಸಿದ ಮೂಲೆ ಮಡಿಕೆ ಇವತ್ತೂ ನನ್ನ ಕೈಯಲ್ಲಿ ಉಂಟು. ಪಾದರಸವೂ ತಲೆಯಲ್ಲಿ ಉಂಟು.

ಗೋಪಿ ಸರ್ಕಲ್ ಟೀ · ಶನಿವಾರ ರಾತ್ರಿ 10:52

ಮೇಡಂ ಕೇರಳದವರಾ? ಆ ಕಡೆಯವರು ನಮ್ಮ ಹುಡುಗಿಯರನ್ನ ಹಂಗೇ ನೋಡೋದು. ಕನ್ನಡ ಮೀಡಿಯಂ ಅಂದ್ರೆ ಮುಗೀತು.

ಹಿನ್ನೀರಿನ ಹುಡುಗಿ · ಶನಿವಾರ ರಾತ್ರಿ 11:01

@ಗೋಪಿ ಸರ್ಕಲ್ ಟೀ ಅಲ್ಲ ಅಣ್ಣ. ಅವರು ನಮ್ಮ ತಾಲೂಕಿನವರೇ. ಅವರ ಮನೇಲಿ ತೋಟ ಇದೆ. ನಮ್ಮ ಮನೇಲಿ ಸುಲಿಯೋರು ಇದ್ದಾರೆ.

ಇನ್ನೊಂದು, ನನಗೆ ಮೊದಲ ವರ್ಷ ಬೆಡ್ ಪಕ್ಕ ನಿಂತು ಇಂಗ್ಲಿಷ್ ಶಬ್ದಗಳನ್ನ ಒಂದೊಂದಾಗಿ ಹೇಳಿಕೊಟ್ಟವರು ಒಬ್ಬ ಮಲಯಾಳಿ ಟ್ಯೂಟರೇ.

@ಹಳೇ ವಾರ್ಡ್ ಸಿಸ್ಟರ್ ಕ್ಷಮಿಸಿ ಅಮ್ಮ, ಬರೀಬೇಕಿತ್ತು. ಆ ಅಕ್ಕ ಚೆನ್ನಾಗಿದ್ದಾರೆ. ಮ್ಯಾಗ್ನೀಸಿಯಂ ಇಂಜೆಕ್ಷನ್ ಕೊಟ್ರು, ಒಂದು ದಿನ ಎಚ್‌ಡಿಯುದಲ್ಲಿ (ಹೆಚ್ಚು ನಿಗಾ ಇಡೋ ವಾರ್ಡ್) ಇಟ್ಟಿದ್ರು. ಇವತ್ತು 138/88. ಮೂತ್ರದ ಅಳತೆ ಗಂಟೆಗೊಮ್ಮೆ ಬರೆಯೋಕೆ ನನ್ನನ್ನೇ ಹಾಕಿದ್ರು.

ಮಿಡಿ ಉಪ್ಪಿನಕಾಯಿ · ಶನಿವಾರ ರಾತ್ರಿ 11:04

ತಡಿ ತಡಿ. ಬೈದ ಮೇಲೂ ಅದೇ ಪೇಷೆಂಟಿಗೆ ನಿನ್ನನ್ನೇ ಹಾಕಿದ್ರಾ? ಅದನ್ನ ಈಗ ಹೇಳ್ತಿದ್ದೀಯ?

ಭದ್ರಾವತಿ ಬ್ರದರ್ · ಶನಿವಾರ ರಾತ್ರಿ 11:48

ನಾನು ಈಗ ಗಲ್ಫಲ್ಲಿ ಐಸಿಯು ನರ್ಸ್. ಓದಿದ್ದು ನಮ್ಮ ಜಿಲ್ಲೇಲೇ. ತಂಗಿ, ಬೈಗುಳ ಆಮೇಲೆ, ಮೊದಲು ಬಿಪಿ ಕಲಿ. ನಿನಗೆ ಕೇಳಿಸಲ್ಲ ಅಂದ್ರೆ ಕಾರಣ ಇರುತ್ತೆ, ಕಿವಿ ಕೆಟ್ಟಿರಲ್ಲ.

ಸ್ಟೆತ್ ಕಿವಿಗೆ ಹಾಕೋ ತುದಿ ಮೂಗಿನ ದಿಕ್ಕಿಗೆ ಬಾಗಿರಬೇಕು. ತಿರುಗುಮುರುಗು ಹಾಕ್ಕೊಂಡ್ರೆ ಕಿವಿಯ ಗೋಡೆಗೆ ಒತ್ತಿಕೊಂಡು ಶಬ್ದವೇ ಬರಲ್ಲ. ಎದೆಗೆ ಇಡೋ ಬಿಲ್ಲೆ ಎರಡು ಮುಖದ್ದಾದ್ರೆ ಅದು ತಿರುಗುತ್ತೆ. ಇಡೋ ಮೊದಲು ಬೆರಳಲ್ಲಿ ತಟ್ಟಿ ನೋಡು, ಯಾವ ಮುಖ ತೆರೆದಿದೆ ಅಂತ ಗೊತ್ತಾಗುತ್ತೆ. ಕಫ್ ದಪ್ಪ ತೋಳಿಗೆ ಚಿಕ್ಕದಾದ್ರೆ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ, ದೊಡ್ಡ ಕಫ್ ಕೇಳು. ಮೊದಲು ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬು, ನಾಡಿ ಎಲ್ಲಿ ನಿಲ್ಲುತ್ತೋ ಆ ಅಂಕಿ ನೆನಪಿಟ್ಕೋ. ಪೂರ್ತಿ ಬಿಟ್ಟು, ಸ್ವಲ್ಪ ಹೊತ್ತು ಕಾದು, ಆ ಅಂಕಿಗಿಂತ 30 ಮೇಲೆ ತುಂಬಿ ನಿಧಾನ ಬಿಡು, ಸೆಕೆಂಡಿಗೆ ಎರಡು ಮೂರು ಮಿ.ಮೀ., ಅಂದ್ರೆ ಹೆಚ್ಚುಕಮ್ಮಿ ಒಂದು ಗೆರೆ. ಬಿಪಿ ಜಾಸ್ತಿ ಇರೋರಲ್ಲಿ ನಡುವೆ ಶಬ್ದ ಮಾಯವಾಗಿ ಮತ್ತೆ ಬರೋದುಂಟು. ನಾಡಿ ಹಿಡಿದಿದ್ರೆ ಆ ಮೋಸಕ್ಕೆ ಬೀಳಲ್ಲ. ಆ ಶಬ್ದಕ್ಕೆ ಕೊರೊಟ್ಕೊಫ್ ಅಂತ ಹೆಸರು ಬರೆದು ಮಾರ್ಕ್ಸ್ ತಗೊಂಡಿರ್ತೀಯಲ್ಲ. ಆ ರಷ್ಯಾದ ಡಾಕ್ಟರ್ 1905ರಲ್ಲಿ ಹೇಳಿದ್ದು, ನಿನ್ನ ಕಿವಿಗೆ ಇನ್ನೂ ತಲುಪಿಲ್ಲ ಅಷ್ಟೇ.

ನಾಡಿಯೂ ಇಲ್ಲ, ಶಬ್ದವೂ ಇಲ್ಲ ಅಂದ್ರೆ "ಸಿಗ್ತಿಲ್ಲ" ಅಂತ ಹೇಳು. ಬಿಪಿ ಸಿಗ್ತಿಲ್ಲ ಅನ್ನೋದೂ ಒಂದು ರೀಡಿಂಗ್. ಐಸಿಯುದಲ್ಲಿ ಆ ಮಾತಿಗೆ ನಾಲ್ಕು ಜನ ಓಡಿ ಬರ್ತಾರೆ.

ಇಲ್ಲಿ ನನ್ನ ಮೊದಲ ತಿಂಗಳು ನಾನೂ ಒಂದು ತಪ್ಪು ಮಾಡಿದೆ, ಡ್ರಿಪ್ ವೇಗ ತಪ್ಪು ಹಾಕಿದ್ದೆ. ನಡುಗುತ್ತಾ ಹೋಗಿ ಹೇಳಿದೆ. ಒಂದು ಫಾರ್ಮ್ ಕೊಟ್ರು. ಅದರಲ್ಲಿ ಏನಾಯ್ತು, ರೋಗಿ ಹೇಗಿದ್ದಾರೆ, ತಕ್ಷಣ ಏನು ಮಾಡಿದ್ರಿ ಅಂತ ಇತ್ತು. ಯಾರು ಮಾಡಿದ್ದು ಅಂತ ಮೇಲೇ ಬರೆದಿರುತ್ತೆ ಅಂದ್ಕೊಂಡು ಎರಡು ಸಲ ಹುಡುಕಿದೆ. ಹಾಗಂತ ಇದು ಸ್ವರ್ಗ ಅಲ್ಲ. ಇಲ್ಲೂ ಬೈತಾರೆ, ಇಂಗ್ಲಿಷಲ್ಲಿ.

ತುಂಗಾ ಕ್ಲಿನಿಕಲ್ · ಭಾನುವಾರ ಬೆಳಿಗ್ಗೆ 6:30

ರಾತ್ರಿ ಇದನ್ನ ಓದಿ ನಿದ್ದೆ ಬರಲಿಲ್ಲ. ನಾನು ಸಿಐ. ಬೇರೆ ಕಾಲೇಜು. ಆ ಮೇಡಂ ನಾನಲ್ಲ, ಆದ್ರೆ ನಾನೂ ಆಗಿರಬಹುದಿತ್ತು.

ನನಗೆ 25. ಬಿಎಸ್ಸಿ ಮುಗಿಸಿ ಒಂದು ವರ್ಷ ವಾರ್ಡಲ್ಲಿ ಕೆಲಸ ಮಾಡಿ ಟ್ಯೂಟರ್ ಆದೆ. ನನ್ನ ಸ್ಟೂಡೆಂಟ್ಸಲ್ಲಿ ಇಬ್ಬರು ನನಗಿಂತ ಎತ್ತರ, ಒಬ್ಬಳು ನನ್ನ ಚಿಕ್ಕಪ್ಪನ ಮಗಳ ಕ್ಲಾಸ್‌ಮೇಟ್. ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕದಲ್ಲಿ ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕಿ. ನನ್ನ ಹಿಂದೆ 18 ಜನ ಇರ್ತಾರೆ, ಮೂರು ವಾರ್ಡಲ್ಲಿ ಹರಡಿಕೊಂಡು. ಒಂದು ಕಡೆ ಬೆಡ್ ಬಾತ್ ನೋಡ್ತಾ ಇದ್ರೆ ಇನ್ನೊಂದು ಕಡೆ ಯಾರೋ ಇಂಜೆಕ್ಷನ್ ಹಿಡ್ಕೊಂಡು ನಿಂತಿರ್ತಾರೆ. ವಾರ್ಡ್ ಇನ್‌ಚಾರ್ಜ್ ಸಿಸ್ಟರಿಗೆ ನಾವು ಹೊರಗಿನವರು. "ನಿಮ್ಮ ಮಕ್ಕಳು ನಮ್ಮ ಹತ್ತಿ ಎಲ್ಲ ಖಾಲಿ ಮಾಡ್ತಾರೆ" ಅಂತ ದಿನಾ ಮಾತು. ಸ್ಟೂಡೆಂಟ್ ತಪ್ಪು ಮಾಡಿದ್ರೆ ಬೈಯೋದು ನನಗೆ, ಇಪ್ಪತ್ತು ವರ್ಷ ಸರ್ವಿಸಿನವರ ಎದುರು. ಸಂಬಳ ಹೇಳೋ ಹಾಗಿಲ್ಲ. ರಾತ್ರಿ ಹತ್ತರಿಂದ ಹನ್ನೆರಡು ಏಮ್ಸಿನ ನಾರ್ಸೆಟ್ (ನರ್ಸ್ ನೇಮಕಾತಿ) ಪರೀಕ್ಷೆಗೆ ಓದ್ತೀನಿ. ನನ್ನ ಜೊತೆಯವರಲ್ಲಿ ಅರ್ಧ ಜನ ಹೊರದೇಶದ ಪರೀಕ್ಷೆಗೆ ಓದ್ತಿದ್ದಾರೆ. ಮೂರು ವರ್ಷದಲ್ಲಿ ಒಂದು ಬ್ಯಾಚ್ ನಾಲ್ಕು ಸಿಐಗಳನ್ನ ಕಾಣುತ್ತೆ. ಯಾರಿಗೆ ಯಾವ ಹುಡುಗಿಗೆ ಏನು ಬರಲ್ಲ ಅಂತ ಗೊತ್ತಿರುತ್ತೆ ಹೇಳಿ? ಹಿನ್ನೀರಿನ ಹುಡುಗಿಗೆ ಮೂರು ವರ್ಷದಿಂದ ಬಿಪಿ ಕೇಳಿಸ್ತಿಲ್ಲ ಅನ್ನೋದು ಹಾಗೇ ಜಾರಿಹೋಗಿದೆ.

ಸೇರಿದ ಹೊಸದರಲ್ಲಿ ನನ್ನನ್ನ ಯಾರೂ ಮೇಡಂ ಅಂತ ಮನಸ್ಸಲ್ಲಿ ಒಪ್ಪಿರಲಿಲ್ಲ. ವಯಸ್ಸಿಲ್ಲ, ಅನುಭವ ಇಲ್ಲ. ಇದ್ದದ್ದು ಗಂಟಲು ಒಂದೇ. ಅದನ್ನೇ ಬಳಸಿದೆ. ಕೆಲಸ ಆಯ್ತು ಕೂಡ, ಎಲ್ಲರೂ ಹೆದರಿದ್ರು. ಆಮೇಲೆ ಒಂದು ದಿನ ಕ್ಯಾನುಲಾ ಹಾಕುವಾಗ ಒಬ್ಬಳಿಗೆ ಸೂಜಿ ಚುಚ್ಚಿಕೊಂಡಿದೆ. ನನಗೆ ಹೇಳಲಿಲ್ಲ. ಮರುದಿನ ಸಂಜೆ ಅವಳ ರೂಮ್‌ಮೇಟ್ ಬಂದು ಹೇಳಿದ್ಲು. ಎಚ್ಐವಿ ತಡೆ ಮಾತ್ರೆ ಎರಡು ಗಂಟೆ ಒಳಗೆ ಶುರು ಮಾಡಿದ್ರೆ ಒಳ್ಳೇದು, 72 ಗಂಟೆ ಮೀರಿದ್ರೆ ಪ್ರಯೋಜನ ಇಲ್ಲ. ಆಗಲೇ ಮೂವತ್ತು ಗಂಟೆ ಕಳೆದಿತ್ತು. ರೋಗಿಯ ರಕ್ತ ಪರೀಕ್ಷೆ ನೆಗೆಟಿವ್ ಬಂತು. ರಿಪೋರ್ಟ್ ಬರೋ ತನಕ ಲ್ಯಾಬ್ ಹೊರಗೆ ಇಬ್ಬರೂ ಬೆಂಚಲ್ಲಿ ಕೂತಿದ್ವಿ. "ಯಾಕೆ ಹೇಳಲಿಲ್ಲ?" ಅಂದೆ. "ನೀವು ಬೈತೀರಿ ಅಂತ" ಅಂದ್ಲು. ಎಚ್ಐವಿಗಿಂತ ನನಗೆ ಜಾಸ್ತಿ ಹೆದರಿದ್ಲು ಆ ಹುಡುಗಿ.

ಅಮೆರಿಕದ ನರ್ಸ್ ಪೆಪ್ಲಾವ್ ಅವರ ನರ್ಸ್-ರೋಗಿ ಸಂಬಂಧದ ಸಿದ್ಧಾಂತ ನಾನೇ ಪಾಠ ಮಾಡೋದು. 1952ರದ್ದು. ನರ್ಸ್ ರೋಗಿಗೆ ಮೊದಲು ಅಪರಿಚಿತೆ, ಆಮೇಲೆ ಶಿಕ್ಷಕಿ, ಸಲಹೆಗಾರ್ತಿ ಆಗ್ತಾಳೆ, ಮೊದಲ ಭೇಟಿಯಲ್ಲೇ ನಂಬಿಕೆ ಹುಟ್ಟಬೇಕು ಅಂತೆಲ್ಲ ಬೋರ್ಡ್ ಮೇಲೆ ಬರೀತೀನಿ. ಬರೆದು ತಿರುಗಿ, ಹಿಂದಿನ ಬೆಂಚಿನವಳನ್ನ "ಏನೇ ಗೊಣಗ್ತಿದ್ದೀಯ" ಅಂತ ಗದರಿಸ್ತೀನಿ.

ಮೇಡಂ ಬೈದದ್ದು ಭಯಕ್ಕೆ. 162/110 ನೋಡಿದ ತಕ್ಷಣ ಅವರ ಹೊಟ್ಟೆಯಲ್ಲಿ ಏನಾಗಿರುತ್ತೆ ಅಂತ ನನಗೆ ಗೊತ್ತು. ಆದ್ರೆ ಆ ಅಡಿಕೆ ಮಾತು ಭಯದ್ದಲ್ಲ. ಅದು ಬೇರೆ ಎಲ್ಲಿಂದಲೋ ಬಂದದ್ದು. ಅದಕ್ಕೆ ನಾನು ವಕಾಲತ್ತು ಹಾಕಲ್ಲ.

ಕೊಪ್ಪದ ಕಾಫಿಪುಡಿ · ಭಾನುವಾರ ಬೆಳಿಗ್ಗೆ 9:15

ನಾನು ನರ್ಸೂ ಅಲ್ಲ ಎಂತದೂ ಅಲ್ಲ. ಹೋದ ವರ್ಷ ಹೆಂಡತಿ ಹೆರಿಗೆಗೆ ಎಂಟು ದಿನ ಆಸ್ಪತ್ರೆ ವರಾಂಡದಲ್ಲಿ ಮಲಗಿದವನು. ನಮ್ಮ ಬೆಡ್ ಹತ್ರವೂ ಹಿಂಗೇ ಒಂದು ಹುಡುಗಿಗೆ ಬೈದ್ರು. ಕೈ ತೊಳೀದೆ ಮಗು ಮುಟ್ಟಿದ್ಲು ಅಂತ. ಬೈದದ್ದು ಸರಿಯೇ ಇರಬಹುದು. ಆದರೆ ಅಲ್ಲಿಂದ ಮುಂದೆ ನಮ್ಮತ್ತೆ ಆ ಹುಡುಗಿಯನ್ನ ಹತ್ತಿರ ಸೇರಿಸಲಿಲ್ಲ. "ಆ ಬೈಸಿಕೊಂಡೋಳು ಬೇಡ, ಬೇರೆಯವರನ್ನ ಕಳಿಸಿ" ಅಂತಿದ್ರು. ಬೇರೆಯವರು ಯಾರೂ ಬರ್ತಿರಲಿಲ್ಲ ಮಾರಾಯ್ರೇ! ಅಷ್ಟು ದೊಡ್ಡ ವಾರ್ಡಿಗೆ ಇಬ್ಬರು ಸಿಸ್ಟರು. ಹೆಂಡತಿಗೆ ಹಾಲು ಕಟ್ಟಿಕೊಂಡಾಗ ಪಕ್ಕ ಕೂತು ಮಗುವಿಗೆ ಬಾಯಿ ಹಿಡಿಸೋದು ಹೇಗೆ ಅಂತ ತೋರಿಸಿದ್ದು ಕೊನೆಗೂ ಅದೇ ಹುಡುಗಿ, ಅತ್ತೆ ಊಟಕ್ಕೆ ಹೋದಾಗ.

ಬೈಯೋದಾದ್ರೆ ಬಾಗಿಲ ಆಚೆ ಬೈರಿ. ನಮಗೆ ಎಂತ ಗೊತ್ತಾಗ್ತದೆ, ಯಾವ ತಪ್ಪು ಸಣ್ಣದು ಯಾವುದು ದೊಡ್ಡದು ಅಂತ?

ಸೊರಬದ ಆಶಾ · ಭಾನುವಾರ ಮಧ್ಯಾಹ್ನ 2:20

ನಾನು ಆಶಾ ಕಾರ್ಯಕರ್ತೆ. ವರ್ಷಕ್ಕೆರಡು ಸಲ ನಮ್ಮ ಊರಿಗೂ ನರ್ಸಿಂಗ್ ಮಕ್ಕಳನ್ನ ಕರ್ಕೊಂಡು ಬರ್ತಾರೆ, ಮನೆಮನೆ ಸರ್ವೆಗೆ. ಟೀಚರು ಎರಡು ಥರ. ಒಂದು ಥರದವರು ಅಂಗನವಾಡಿಯಲ್ಲಿ ಫ್ಯಾನ್ ಕೆಳಗೆ ಕೂತು "ಹತ್ತು ಮನೆ ಮುಗಿಸ್ಕೊಂಡು ಬನ್ನಿ" ಅಂತಾರೆ. ಮಕ್ಕಳು ನಾಲ್ಕು ಮನೆಗೆ ಹೋಗಿ ಉಳಿದ ಆರು ನಮ್ಮ ಜಗಲೀಲಿ ಕೂತು ತುಂಬಿಸ್ತವೆ. ನಾನೇ ಹೆಸರು ಹೇಳಿಕೊಟ್ಟಿದ್ದೀನಿ, ಸುಳ್ಳು ಯಾಕೆ.

ಇನ್ನೊಂದು ಥರದವರು ಒಬ್ಬರೇ ಬಂದಿದ್ರು. ಮಂಗನ ಕಾಯಿಲೆ ಸೀಸನ್. ಗೊತ್ತಲ್ಲ, 1957ರಲ್ಲಿ ಮೊದಲು ಕಂಡಿದ್ದೇ ನಮ್ಮ ತಾಲೂಕಿನ ಕ್ಯಾಸನೂರು ಕಾಡಲ್ಲಿ, ಅದರ ಹೆಸರೇ ಕಾಯಿಲೆಗೆ ಇಂಗ್ಲಿಷಲ್ಲಿ. ತರಗೆಲೆ ತರೋಕೆ ಕಾಡಿಗೆ ಹೋಗಬೇಡಿ, ಹೋದ್ರೆ ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಕೊಳ್ಳಿ ಅಂತ ಹೇಳೋಕೆ ಮಕ್ಕಳು ಬಂದಿದ್ವು. ಕಾಡಂಚಿನ ಮನೆಗೆ ಆ ಟೀಚರು ತಾವೇ ಮುಂದೆ ನಡೆದ್ರು. ವಾಪಸ್ ಬಂದ ಮೇಲೆ ಒಬ್ಬ ಹುಡುಗಿ ಕಾಲಲ್ಲಿ ಉಣುಗು, ಆ ಕಾಯಿಲೆ ಹರಡೋದೇ ಅದು. ಆ ಮಗು ಅಳೋಕೆ ಶುರು. ಟೀಚರು ನೆಲದಲ್ಲಿ ಕೂತು ಅವಳ ಕಾಲು ತಮ್ಮ ತೊಡೆ ಮೇಲಿಟ್ಕೊಂಡು, ಚಿಮಟದಲ್ಲಿ ನಿಧಾನ ಎಳೆದು ತೆಗೆದ್ರು. "ಬೆರಳಲ್ಲಿ ಜಜ್ಜಬಾರದು, ನೋಡ್ಕೊಳ್ಳಿ" ಅಂತ ಉಳಿದವರಿಗೆ ಪಾಠನೂ ಆಯ್ತು. ಸೋಪಲ್ಲಿ ತೊಳೆದು, ಜ್ವರ ಬಂದ್ರೆ ಅರ್ಧ ರಾತ್ರಿಯಾದ್ರೂ ಫೋನ್ ಮಾಡು ಅಂದ್ರು. ಆ ಬ್ಯಾಚಿನ ಮಕ್ಕಳು ಹತ್ತಕ್ಕೆ ಹತ್ತು ಮನೆಗೂ ಹೋದ್ವು. ನನ್ನ ಜಗಲಿ ಖಾಲಿ.

ಹೆಸರು ಬೇಡ · ಭಾನುವಾರ ಸಂಜೆ 4:05

ಬೈಯೋ ಮೇಡಂ ಎಷ್ಟೋ ವಾಸಿ. ನಮ್ಮಲ್ಲಿ ಒಬ್ಬ ಸರ್ ಯಾವತ್ತೂ ಬೈಯಲ್ಲ. ರಾತ್ರಿ ಹನ್ನೊಂದಕ್ಕೆ "ಊಟ ಆಯ್ತಾ" ಅಂತ ಮೆಸೇಜ್ ಹಾಕ್ತಾರೆ. ಉತ್ತರ ಕೊಡದಿದ್ರೆ ಮರುದಿನ ಕೇಸ್ ಪ್ರೆಸೆಂಟೇಷನ್ನಲ್ಲಿ ಪ್ರಶ್ನೆ ಮೇಲೆ ಪ್ರಶ್ನೆ. ಥಿಯರಿಗೆ ನೂರರಲ್ಲಿ 25 ಇಂಟರ್ನಲ್ಸ್ ಅವರ ಕೈಲಿದೆ, ಪ್ರಾಕ್ಟಿಕಲ್ಸ್ ಬೇರೆ. ಏನು ಮಾಡ್ಲಿ ಗೊತ್ತಾಗ್ತಿಲ್ಲ.

ಗೋಪಿ ಸರ್ಕಲ್ ಟೀ · ಭಾನುವಾರ ಸಂಜೆ 4:12

ಇದು ಅತಿ ಆಯ್ತು. ಮೇಷ್ಟ್ರು-ಸ್ಟೂಡೆಂಟ್ ಪ್ರೀತಿಸಿ ಮದುವೆ ಆಗಿ ಚೆನ್ನಾಗಿರೋರು ಎಷ್ಟೋ ಜನ ಇದ್ದಾರಪ್ಪ.

ಹಳೇ ವಾರ್ಡ್ ಸಿಸ್ಟರ್ · ಭಾನುವಾರ ಸಂಜೆ 4:30

@ಗೋಪಿ ಸರ್ಕಲ್ ಟೀ ಆ ಹುಡುಗಿ ಪ್ರೀತಿ ಅಂತ ಎಲ್ಲಿ ಬರೆದಿದ್ದಾಳೆ? ಇನ್ನೊಂದು ಸಲ ಓದು. ಓದು ಮುಗಿದು, ಇಬ್ಬರಿಗೂ ಅವರವರ ಸಂಬಳ ಇದ್ದು, ಒಪ್ಪಿ ಮದುವೆ ಆಗಲಿ, ಊಟಕ್ಕೆ ನಾನೇ ಬರ್ತೀನಿ. ಮಾರ್ಕ್ಸ್ ಹಾಕೋ ಪೆನ್ನು ಕೈಲಿ ಹಿಡ್ಕೊಂಡು ಬರೋ ಮೆಸೇಜಿಗೆ "ಇಲ್ಲ" ಅನ್ನೋಕೆ ಜಾಗವೇ ಇರೋದಿಲ್ಲ.

@ಹೆಸರು ಬೇಡ ಮಗಳೇ, ಒಂದೂ ಅಳಿಸಬೇಡ. ತಾರೀಕು, ಗಂಟೆ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಮನೆಯವರೊಬ್ಬರಿಗೆ ಕಳಿಸಿಡು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ 2013ರ ಕಾನೂನು ಕಾಲೇಜು, ಆಸ್ಪತ್ರೆ ಎರಡಕ್ಕೂ ಅನ್ವಯ. ನೌಕರಿ ಮಾಡೋರಿಗೆ ಮಾತ್ರ ಅಲ್ಲ, ಅಲ್ಲಿ ಕಲಿಯೋ ನಿನಗೂ. ಆಂತರಿಕ ದೂರು ಸಮಿತಿ ಇರಲೇಬೇಕು, ಅಧ್ಯಕ್ಷರು ಹೆಂಗಸೇ ಆಗಿರಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು. ಘಟನೆ ಆಗಿ ಮೂರು ತಿಂಗಳೊಳಗೆ ಬರಹದಲ್ಲಿ ಕೊಡು. ಸಮಿತಿ ಹೆಸರಿಗಷ್ಟೇ ಅನ್ನಿಸಿದ್ರೆ ಮಹಿಳಾ ಸಹಾಯವಾಣಿ 181ಕ್ಕೆ ಮಾಡು. ನನಗೆ ಖಾಸಗಿಯಾಗಿ ಬರಿ, ಪತ್ರ ಬರೆಯೋಕೆ ಜೊತೆ ಕೂರ್ತೀನಿ.

ಮೇಲ್ವಿಚಾರಕರು · ಭಾನುವಾರ ಸಂಜೆ 5:00

@ಹೆಸರು ಬೇಡ ಅವರ ವಿಷಯಕ್ಕೆ ಬೇರೆ ಎಳೆ ತೆರೆದಿದ್ದೇವೆ, ಅಲ್ಲಿ ಸದಸ್ಯೆಯರಿಗೆ ಮಾತ್ರ ಪ್ರವೇಶ. ಕಾಲೇಜು ಊಹಿಸುವ ಎರಡು ಉತ್ತರಗಳನ್ನು ತೆಗೆದಿದ್ದೇವೆ. ಗೋಪಿ ಸರ್ಕಲ್ ಟೀ ಅವರಿಗೆ ಒಂದು ವಾರ ರಜೆ.

ಭದ್ರಾವತಿ ಬ್ರದರ್ · ಭಾನುವಾರ ಸಂಜೆ 6:10

ಇಷ್ಟು ಹೇಳಿ ಸುಮ್ಮನಾಗ್ತೀನಿ. ಹುಡುಗರ ಕಥೆ ಯಾರೂ ಹೇಳಲ್ಲ. ನಮ್ಮ ಕಾಲದ ಸಿಲೆಬಸ್ಸಲ್ಲಿ 20 ಹೆರಿಗೆ ಮಾಡಿಸಿ ಬರೀಬೇಕಿತ್ತು. ಲೇಬರ್ ರೂಮಿನ ಬಾಗಿಲಲ್ಲೇ ನಮ್ಮನ್ನ ತಡೀತಿದ್ರು. ಮೇಡಂ ಕೂಡ "ಹುಡುಗಿಯರ ಬುಕ್ ನೋಡಿ ಬರ್ಕೊಳ್ಳಿ" ಅಂದ್ರು. ಪ್ರೀತಿಯಿಂದಲೇ ಅಂದ್ರು, ಬೈಗುಳ ಇಲ್ಲ, ಏನಿಲ್ಲ. 120/80ಕ್ಕಿಂತ ದೊಡ್ಡ ಸುಳ್ಳು ಅದು, ನಾವೆಲ್ಲ ಸಾಲಾಗಿ ಕೂತು ಬರೆದದ್ದು, ಅವರು ಸೈನ್ ಹಾಕಿದ್ದು. ಇವತ್ತಿಗೂ ಯಾರಾದ್ರೂ ವಿಮಾನದಲ್ಲಿ "ನರ್ಸ್ ಇದ್ದಾರಾ, ಹೆರಿಗೆ ನೋವು" ಅಂದ್ರೆ ನಾನು ಸೀಟಿನ ಕೆಳಗೆ ಅಡಗ್ತೀನಿ.

ಇಂಥ ಮೇಡಂ ಬಗ್ಗೆ ಯಾರೂ ದೂರು ಬರೆಯಲ್ಲ. ಒಳ್ಳೆಯವರು ಅಂತಲೇ ನಮ್ಮ ಬ್ಯಾಚ್ ಗ್ರೂಪಲ್ಲಿ ಈಗಲೂ ಹೆಸರು.

ಹಿನ್ನೀರಿನ ಹುಡುಗಿ · ಭಾನುವಾರ ರಾತ್ರಿ 8:45

ಬ್ರದರ್ ಅಣ್ಣ, ನಿಮ್ಮ ಪೋಸ್ಟ್ ಓದ್ತಾ ಸ್ಟೆತ್ ತೆಗೆದು ನೋಡಿದೆ. ಕಿವಿ ತುದಿ ಹಿಂದಕ್ಕೆ ತಿರುಗಿಸಿ ಹಾಕ್ಕೊಳ್ತಿದ್ದೆ. ಮೊದಲ ವರ್ಷದಿಂದ. ರೂಮ್‌ಮೇಟ್ ಕೈಗೆ ಕಟ್ಟಿ ಸರಿ ಹಾಕ್ಕೊಂಡು ನೋಡಿದೆ. ಟಕ್ ಟಕ್ ಅಂತ ಕೇಳಿಸ್ತು. ಇಬ್ಬರೂ ಕಿರುಚಿದ್ವಿ, ವಾರ್ಡನ್ ಬಂದ್ರು.

ಮೊದಲ ವರ್ಷ ಏನಾಗಿತ್ತು ಅಂದ್ರೆ, ಲ್ಯಾಬಲ್ಲಿ ಅರವತ್ತು ಜನಕ್ಕೆ ಮೂರು ಮಿಷನ್. ನನ್ನ ಸರದಿ ಬಂದಾಗ "ಕೇಳಿಸ್ತಿಲ್ಲ" ಅಂದೆ. ಆಗಿನ ಟ್ಯೂಟರ್, ಈಗ ಅವರಿಲ್ಲ, ಹೊರದೇಶಕ್ಕೆ ಹೋದ್ರು, "ಕಿವಿಗೆ ಎಣ್ಣೆ ಬಿಟ್ಕೊಂಡು ಬಾ" ಅಂದ್ರು. ಎಲ್ಲ ನಕ್ಕರು. ಎರಡನೇ ಸಲ "ಕೇಳಿಸ್ತು" ಅಂದೆ, ಪಕ್ಕದವಳು ಹೇಳಿದ ಅಂಕಿ ಹೇಳಿದೆ. ಅಲ್ಲಿಂದ ಹಾಗೇ ಬಂದೆ. ಈಗಿನ ಮೇಡಂ ಗುರುವಾರದ ತನಕ ನನಗೆ ಒಂದು ದಿನವೂ ಬೈದಿರಲಿಲ್ಲ. ನಾನು ಹೆದರಿದ್ದು ಅವರಿಗಲ್ಲವೇನೋ ಅಂತ ಇವತ್ತು ಅನ್ನಿಸ್ತಿದೆ.

ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಡಿಕೆ ಮಾತೂ ಹೇಳಿಬಿಟ್ಟೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡಿಕೆ ಸುಲಿಯೋಕೆ ನೀನು ಯಾವಾಗ ಕಲಿತೆ? ಕೂತ್ರೆ ಐದು ನಿಮಿಷಕ್ಕೆ ಬೆರಳು ಕುಯ್ಕೊಳ್ತೀಯ" ಅಂದ್ರು. ಆಮೇಲೆ "ಆ ಬಾಣಂತಿಗೆ ಮಗು ಎಂತ, ಗಂಡಾ ಹೆಣ್ಣಾ?" ಅಂತ ಕೇಳಿದ್ರು.

ಹೆಣ್ಣು.

ಸೊರಬದ ಆಶಾ · ಭಾನುವಾರ ರಾತ್ರಿ 8:58

ನಿನ್ನಮ್ಮ ಗಟ್ಟಿ ಹೆಂಗಸು ಬಿಡು.

ತುಂಗಾ ಕ್ಲಿನಿಕಲ್ · ಭಾನುವಾರ ರಾತ್ರಿ 9:20

ನಾಳೆ ಬೆಳಿಗ್ಗೆ ವಾರ್ಡ್ ಗಲಾಟೆ ಶುರು ಆಗೋ ಮುಂಚೆ ಹೋಗಿ ಸಿಗು. ಕ್ಷಮೆ ಅಂತ ಉದ್ದ ಭಾಷಣ ಬೇಡ, ನಮಗೆ ಅದು ಕೇಳಿ ಕೇಳಿ ಸಾಕಾಗಿರುತ್ತೆ. "ಇದು ಬರ್ತಿರಲಿಲ್ಲ, ಮುಚ್ಚಿಟ್ಟಿದ್ದೆ, ಈಗ ಕಾರಣ ಗೊತ್ತಾಯ್ತು, ಒಂದು ಸಲ ಪಕ್ಕ ನಿಂತು ನೋಡಿ" ಅಂತ ಕೇಳು. ನನ್ನ ಸ್ಟೂಡೆಂಟ್ ಒಬ್ಬಳೂ ಇವತ್ತಿನ ತನಕ ಆ ಮಾತು ಹೇಳಿಲ್ಲ. ಹೇಳಿದ್ರೆ ನಾನು ಏನು ಮಾಡ್ತಿದ್ದೆನೋ ಗೊತ್ತಿಲ್ಲ, ನಿಜವಾಗಿ. ಬಹುಶಃ ಕಕ್ಕಾಬಿಕ್ಕಿ ಆಗ್ತಿದ್ದೆ.

ಅಡಿಕೆ ಮಾತು ನಾಳೆಯೇ ಎತ್ತಬೇಡ. ಆದ್ರೆ ಎತ್ತಬಾರದು ಅಂತಲ್ಲ.

ಹಳೇ ವಾರ್ಡ್ ಸಿಸ್ಟರ್ · ಭಾನುವಾರ ರಾತ್ರಿ 9:41

ಯಾಕೆ ಎತ್ತಬಾರದು ನಾಳೆ? ನಾವು ನಲವತ್ತು ವರ್ಷ ಎತ್ತದೇ ಇದ್ದದ್ದಕ್ಕೇ ಇನ್ನೂ ಹಿಂಗಿದೆ. ಹುಡುಗಿ, ನಿನ್ನ ಮನಸ್ಸಿಗೆ ಬಂದ ಹಾಗೆ ಮಾಡು.

ಹಿನ್ನೀರಿನ ಹುಡುಗಿ · ಸೋಮವಾರ ಸಂಜೆ 5:30

ಬಂದೆ. ಊಟ ಮಾಡಿ ಬರೀತಿದ್ದೀನಿ.

ಏಳಕ್ಕೇ ಹೋಗಿದ್ದೆ. ಮೇಡಂ ಡ್ಯೂಟಿ ರೂಮಲ್ಲಿ ಹಾಜರಿ ಬರೀತಿದ್ರು. ರಾತ್ರಿ ಎಲ್ಲ ಬಾಯಿಪಾಠ ಮಾಡಿದ್ದು ಮರೆತುಹೋಯ್ತು. "ಮೇಡಂ, ನನಗೆ ಬಿಪಿ ಕೇಳಿಸ್ತಿರಲಿಲ್ಲ. ಸ್ಟೆತ್ ತಿರುಗಿಸಿ ಹಾಕ್ಕೊಳ್ತಿದ್ದೆ" ಅಂದೆ ಅಷ್ಟೇ. ತಲೆ ಎತ್ತಿ ನೋಡಿದ್ರು. "ಯಾವಾಗಿಂದ?" "ಮೊದಲ ವರ್ಷದಿಂದ." ಪೆನ್ನಿನ ಮುಚ್ಚಳ ಹಾಕಿ, ಎದ್ದು ನನ್ನ ಕಿವಿಯಲ್ಲಿದ್ದ ಸ್ಟೆತ್ ಸರಿಯಾಗಿದೆಯಾ ಅಂತ ನೋಡಿ, "ನಡಿ" ಅಂದ್ರು.

ಹನ್ನೊಂದು ಬೆಡ್. ನಾನು ನೋಡಿ ಅಂಕಿ ಹೇಳೋದು, ಆಮೇಲೆ ಅವರು ಅದೇ ಕೈಯಲ್ಲಿ ನೋಡೋದು. ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ. ಎಂಟರಲ್ಲಿ ನಮ್ಮಿಬ್ಬರದ್ದು ನಾಲ್ಕು ಗೆರೆ ಒಳಗೆ ಬಂತು. ಎರಡರಲ್ಲಿ ನಾನು ತಪ್ಪಿದೆ, ಗಾಳಿ ಬೇಗ ಬಿಡ್ತೀಯ ಅಂದ್ರು. ಒಂಬತ್ತನೇ ಬೆಡ್ಡಲ್ಲಿ ಏನೂ ಕೇಳಿಸ್ಲಿಲ್ಲ. ಬಾಯಿ ಒಣಗಿತು. "ಕೇಳಿಸ್ಲಿಲ್ಲ ಮೇಡಂ" ಅಂದೆ. ಅವರೂ ನೋಡಿದ್ರು, ಇನ್ನೊಂದು ಸಲ ನೋಡಿದ್ರು, "ಕಫ್ ಸೋರ್ತಿದೆ, ಬೇರೆ ತಗೊಂಡು ಬಾ" ಅಂದ್ರು.

ಗುರುವಾರದ ಅಕ್ಕ ಇನ್ನೂ ಅಲ್ಲೇ ಇದ್ದಾರೆ, ನಾಳೆ ಡಿಸ್ಚಾರ್ಜ್. ಅವರ ಕೈಗೆ ಕಟ್ಟುವಾಗ ಅವರೇ "ಈ ಸಲ ಸರಿ ನೋಡು ಮತ್ತೆ" ಅಂತ ನಕ್ಕರು. 134/86. ಮೇಡಮ್ಮಂದು 136/86.

ಅಡಿಕೆ ವಿಷಯ ನಾನು ಎತ್ತಲಿಲ್ಲ, ಧೈರ್ಯ ಸಾಲಲಿಲ್ಲ. ಅವರೂ ಎತ್ತಲಿಲ್ಲ. ಹೊರಡುವಾಗ "ಅಮ್ಮ ಈಗ ಯಾರ ಮನೆಗೆ ಹೋಗ್ತಾರೆ ಸುಲಿಯೋಕೆ?" ಅಂತ ಕೇಳಿದ್ರು. "ಈಗ ಸುಲಿಯೋ ಕಾಲ ಅಲ್ಲ ಮೇಡಂ" ಅಂದೆ. ತೋಟದ ಮನೆಯವರಿಗೆ ಅದು ಗೊತ್ತಿಲ್ಲದೆ ಇರುತ್ತಾ? ಏನೋ ಕೇಳಬೇಕು ಅಂತ ಕೇಳಿರಬೇಕು. ನನಗೆ ಇನ್ನೂ ಸಿಟ್ಟಿದೆ.

ಲಾಗ್ ಬುಕ್ ಪುಟಕ್ಕೆ ಸೈನ್ ಇನ್ನೂ ಆಗಿಲ್ಲ. ಗುರುವಾರದ ಸಾಲು ಹೊಡೆದುಹಾಕಿ ಇವತ್ತಿನ ತಾರೀಕಲ್ಲಿ ಹೊಸದಾಗಿ ಬರಿ ಅಂದಿದ್ದಾರೆ.

ಮಿಡಿ ಉಪ್ಪಿನಕಾಯಿ · ಸೋಮವಾರ ಸಂಜೆ 5:42

ಹನ್ನೊಂದರಲ್ಲಿ ಎಷ್ಟು ಜನಕ್ಕೆ 120/80 ಇತ್ತು?

ಹಿನ್ನೀರಿನ ಹುಡುಗಿ · ಸೋಮವಾರ ಸಂಜೆ 5:44

ಒಬ್ಬರಿಗೂ ಇರಲಿಲ್ಲ ಅಕ್ಕ.